ಹೆಂಡತಿಯ ಪರೀಕ್ಷೆಗೊಂದು ದೇಹ

"ಓದೋದು ನಿನ್ನ ಕೆಲಸ, ಪಾಸು ಮಾಡಿಸೋದು ನನ್ನ ಕೆಲಸ. ನಾನಿರೋ ತನಕ ನೀನು ಫೇಲಾಗು ನೋಡೋಣ!"

ಹೀಗೆಂದು ಚುಕ್ಕಿರಾಯ ಊಟದ ಮೇಜನ್ನು ಗುದ್ದಿ ಘೋಷಿಸಿದ. ಗುದ್ದಿದ ರಭಸಕ್ಕೆ ನೀರಿನ ಲೋಟ ಮಗುಚಿ, ಹೆಂಡತಿಯ ತೆರೆದ ಪುಸ್ತಕದ ಮೇಲೆ ಸಣ್ಣದೊಂದು ಪ್ರವಾಹವೇ ಹರಿಯಿತು. ಶುಭಸೂಚನೆ ಅಂದರೆ ಹೀಗಿರಬೇಕು!

ಹೆಂಡತಿ ಪುಸ್ತಕವನ್ನು ಎತ್ತಿ ಕೊಡವುತ್ತ ಹೇಳಿದಳು: "ರೀ, ಪಾಸು ಮಾಡಿಸೋದೇನೂ ಬೇಡ. ಪುಸ್ತಕಕ್ಕೆ ಸ್ನಾನ ಮಾಡಿಸದೆ ಇದ್ರೆ ಸಾಕು."

ಚುಕ್ಕಿರಾಯ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಲಾಂಡ್ರಿಯಲ್ಲಿ ಅಂಟಿಕೊಂಡ ಬಿರುದು. ಬೀದಿ ತಿರುವಿನ ದೊಡ್ಡ ಲಾಂಡ್ರಿಯಲ್ಲಿ ಬಂದ ಬಟ್ಟೆಗೆಲ್ಲ ಗುರುತು ಹಾಕುವುದು ಅವನ ಉದ್ಯೋಗ. ಒಬ್ಬರ ಅಂಗಿ ಇನ್ನೊಬ್ಬರ ಮೈ ಸೇರದಂತೆ ಕಾಲರಿನ ಒಳಮಗ್ಗುಲಲ್ಲಿ, ಪ್ಯಾಂಟಿನ ಸೊಂಟಪಟ್ಟಿಯಲ್ಲಿ, ಸೂಜಿಯಂಥ ಲೇಖನಿಯಿಂದ ಸಾಸಿವೆ ಕಾಳಿನಷ್ಟು ಚುಕ್ಕಿಗಳನ್ನು ಇಡುತ್ತಾನೆ. ಆ ಕಪ್ಪು ಶಾಯಿಯ ಮಹಿಮೆಯನ್ನು ಏನೆಂದು ಹೇಳಲಿ! ಕುದಿಯುವ ನೀರಿಗೆ ಜಗ್ಗುವುದಿಲ್ಲ, ಸೋಡಾಕ್ಕೆ ಬಗ್ಗುವುದಿಲ್ಲ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾಗಿ ಮುಪ್ಪು ಕಂಡ ಮೇಲೂ ಚುಕ್ಕಿ ಮಾತ್ರ ಹೊಸ ಮದುಮಗನಂತೆ ಮಿರುಗುತ್ತಿರುತ್ತದೆ.

ಹೆಂಡತಿಯ ಉದ್ಯೋಗ ಒಂದು ಆಸ್ಪತ್ರೆಯ ಮುಂಬಾಗಿಲ ಕೌಂಟರಿನಲ್ಲಿ ಕೂತು ಟೆಲಿಫೋನ್ ಎತ್ತುವುದು. ಎತ್ತಿ ಎತ್ತಿ ಕಿವಿ ಬಿಸಿಯಾಗಿ, ಮೇಲ್ವಿಚಾರಕಿಯ ಬೈಗುಳಕ್ಕೆ ತಲೆಯೂ ಬಿಸಿಯಾಗಿ, ಸಂಜೆ ತರಗತಿಗೆ ಸೇರಿ ನರ್ಸಿಂಗ್ ಸಹಾಯಕಿಯ ಕೋರ್ಸು ಓದುತ್ತಿದ್ದಳು. ಮೊದಲ ಮೆಟ್ಟಿಲೇ ಅನಾಟಮಿ, ಅಂದರೆ ದೇಹದ ಯಾವ ಭಾಗ ಎಲ್ಲಿದೆ, ಅದನ್ನು ಏನೆಂದು ಕರೆಯಬೇಕು ಎನ್ನುವ ವಿದ್ಯೆ. ಈ ಪ್ರಾಯೋಗಿಕ ಪರೀಕ್ಷೆ ದಾಟಿದರೆ ವಾರ್ಡಿನೊಳಗೆ ಕೆಲಸ. ದಾಟದಿದ್ದರೆ ಮರಳಿ ಟೆಲಿಫೋನು, ಮರಳಿ ಮೇಲ್ವಿಚಾರಕಿ, ಮುಂದಿನ ಅವಕಾಶಕ್ಕೆ ಒಂದು ವರ್ಷ.

"ಪರೀಕ್ಷೆಗೆ ಒಂದು ದೇಹ ತಗೊಂಡು ಹೋಗಬೇಕು" ಎಂದು ಅವಳು ಒಂದು ಸಂಜೆ ಹೇಳಿದಾಗ ಅತ್ತೆ, ಅಂದರೆ ಅವಳ ತಾಯಿ, ಕೈಲಿದ್ದ ಚಮಚ ಬೀಳಿಸಿದರು.

"ದೇಹಾನಾ? ಎಲ್ಲಿಂದ ತರ್ತೀಯೇ?"

"ಜೀವ ಇರೋ ದೇಹ ಅಮ್ಮಾ. ಮನೆಯಿಂದ ಒಬ್ಬರನ್ನ ಕರ್ಕೊಂಡು ಹೋಗಬೇಕು. ಪರೀಕ್ಷಕರು ಅಂಗದ ಹೆಸರು ಹೇಳ್ತಾರೆ, ನಾವು ಅವರ ಮೈಮೇಲೆ ಅದರ ಜಾಗ ಕೆಂಪು ಪೆನ್ಸಿಲಲ್ಲಿ ಗುರುತು ಹಾಕಬೇಕು. ದೇಹ ಮಾತಾಡಬಾರದು, ಅಲುಗಾಡಬಾರದು, ಸುಳಿವು ಕೊಡಬಾರದು."

ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ಅಳೆದರು. "ಮೊದಲಿನ ಎರಡು ಇವರಿಂದ ಆಗೋ ಮಾತಲ್ಲ. ಮೂರನೆಯದು ಆಗಬಹುದು. ಸುಳಿವು ಕೊಡೋಕೆ ಏನಾದ್ರೂ ಗೊತ್ತಿರಬೇಕಲ್ಲ."

ಚುಕ್ಕಿರಾಯನ ಸ್ವಾಭಿಮಾನ ಸೆಟೆದು ನಿಂತಿತು. "ನನ್ನ ದೇಹ ಕೊಟ್ಟೆ, ತಗೋ!" ಎಂದ. ಆ ಗಳಿಗೆಯಿಂದ ಅವನ ದೇಹ ಅವನದಾಗಿ ಉಳಿಯಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಾಗಲೇ ಅಪ್ಪಣೆ ಬರುತ್ತಿತ್ತು. "ನೆಟ್ಟಗೆ ನಿಲ್ಲಿ. ಪಾದ ಜೋಡಿಸಿ. ಅಂಗೈ ಮುಂದಕ್ಕೆ, ಹೆಬ್ಬೆರಳು ಹೊರಕ್ಕೆ."

"ಇದೇನೇ, ಜೇಬಲ್ಲಿ ಏನೂ ಇಲ್ಲ ಅಂತ ತೋರಿಸೋ ಕಳ್ಳನ ಹಾಗೆ!"

"ಪ್ರಪಂಚದ ಅನಾಟಮಿ ಪುಸ್ತಕಗಳಲ್ಲೆಲ್ಲ ಮನುಷ್ಯ ಹೀಗೇ ನಿಂತಿರೋದು."

"ಪಾಪ! ಯಾವಾಗಿನಿಂದ?"

"ಬಾಯಿ ಮುಚ್ಚಿ. ನೊರೆ ಎದೆಮೂಳೆ ಮೇಲೆ ಬೀಳ್ತಿದೆ."

ದಿನವಿಡೀ ಲಾಂಡ್ರಿಯಲ್ಲಿ ನಿಂತು ದುಡಿದು ಬಂದು, "ಕಾಲು ನೋಯ್ತಿದೆ ಕಣೇ" ಎಂದು ನರಳುವ ಹಕ್ಕೂ ಅವನಿಗೆ ಇಲ್ಲದೆ ಹೋಯಿತು.

"ಎಲ್ಲಿ ನೋವು?"

"ಇಲ್ಲಿ."

"ಅದು ಕಾಲಲ್ಲ, ತೊಡೆ. ಅನಾಟಮಿ ಪ್ರಕಾರ ಮಂಡಿಯಿಂದ ಪಾದದ ಗಂಟಿನ ತನಕ ಮಾತ್ರ ಕಾಲು."

"ಹುಟ್ಟಿದಾಗಿಂದ ನನ್ನ ಜೊತೆ ಇರೋ ಕಾಲು! ಎಲ್ಲಿಂದ ಎಲ್ಲಿವರೆಗೆ ಅಂತ ನನಗೇ ಹೇಳಿಕೊಡ್ತೀಯಾ?"

"ಹೇಳಿಕೊಡೋರು ಇಲ್ಲದೆ ಇದ್ದಿದ್ದಕ್ಕೇ ಹೀಗಾಗಿದ್ದು."

ಹೊಟ್ಟೆಯ ವಿಷಯವಂತೂ ಕೇಳಲೇಬೇಡಿ. "ಹೊಟ್ಟೆ ಒಂಥರಾ ಆಗ್ತಿದೆ" ಎಂದರೆ ಅವಳು ಬೆರಳಿನಿಂದ ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದು, "ಹೊಟ್ಟೆಗೆ ಒಂಬತ್ತು ಚೌಕ ಇದೆ. ಯಾವ ಚೌಕ?" ಎನ್ನುತ್ತಿದ್ದಳು.

"ಹಸಿದಿರೋ ಚೌಕ ಕಣೇ! ತಟ್ಟೆ ಹಾಕು!"

ವಿದ್ಯೆ ಅಡುಗೆಮನೆಗೂ ನುಗ್ಗಿತು. ಒಂದು ದಿನ ಅತ್ತೆ ಅಲಮಾರಿಯ ಮುಂದೆ ಕಂಗಾಲಾಗಿ ನಿಂತಿದ್ದರು. "ಅಳಿಯಂದ್ರೇ, ಉಪ್ಪಿನ ಡಬ್ಬಿ ಸಕ್ಕರೆ ಡಬ್ಬಿಗೆ ಲ್ಯಾಟರಲ್ ಆಗಿದೆ ಅಂತ ಹೇಳಿ ಹೋದ್ಲು. ಹಾಗಂದ್ರೇನು?"

ಅಷ್ಟು ದಿನ ಪೆನ್ಸಿಲಿನಿಂದ ಚುಚ್ಚಿಸಿಕೊಂಡ ಅನುಭವದಿಂದ ಚುಕ್ಕಿರಾಯ ಪಂಡಿತನಂತೆ ಕೆಮ್ಮಿದ. "ಲ್ಯಾಟರಲ್ ಅಂದ್ರೆ ಮಧ್ಯದ ಗೆರೆಯಿಂದ ದೂರ ಅಂತ."

"ಮಧ್ಯದ ಗೆರೆ ಎಲ್ಲಿ ಬರುತ್ತೆ?"

"ಮೂಗಿನ ನೇರಕ್ಕೆ."

"ಅಲಮಾರಿಗೆ ಮೂಗು ಎಲ್ಲಪ್ಪಾ ಇದೆ?"

ಆ ದಿನ ಚಹಾಕ್ಕೆ ಉಪ್ಪು ಬಿತ್ತು. ಮೂವರೂ ಮುಖ ಕಿವುಚಿ ಕುಡಿದರು. ವಿದ್ಯೆಗಾಗಿ ಮಾಡಿದ ತ್ಯಾಗ!

ಇಷ್ಟೆಲ್ಲ ಆದರೂ ಒಂದು ಕಡೆ ಮಾತ್ರ ಗಾಡಿ ಹೂತುಕೊಳ್ಳುತ್ತಿತ್ತು. ಪುಸ್ತಕ ಮುಚ್ಚಿ ಕೇಳಿದರೆ ಹೆಂಡತಿ ಅರಳು ಹುರಿದಂತೆ ಒಪ್ಪಿಸುತ್ತಿದ್ದಳು: ಹೃದಯದ ತುದಿ ಎಡಕ್ಕೆ, ಯಕೃತ್ತು ಬಲಕ್ಕೆ, ಅದರಡಿಯ ಪಿತ್ತಕೋಶ ಬಲಕ್ಕೆ, ಗುಲ್ಮ ಎಡಕ್ಕೆ, ಅಪೆಂಡಿಕ್ಸ್ ಬಲಕ್ಕೆ. ಆದರೆ ಗಂಡನ ಎದುರು ಪೆನ್ಸಿಲ್ ಹಿಡಿದು ನಿಂತಳೋ, ಕೈ ತನಗೆ ತಾನೇ ಉಲ್ಟಾ ಹೊಡೆಯುತ್ತಿತ್ತು. ಪರೀಕ್ಷೆಗೆ ಎರಡು ದಿನ ಇರುವಾಗ ಹೃದಯವನ್ನು ಒಯ್ದು ಅವನ ಬಲಗಡೆಗೆ ಹಾಕಿಬಿಟ್ಟಳು. ಆಮೇಲೆ ನೆಲದ ಮೇಲೆ ಕುಸಿದು ಕೂತಳು.

"ನನಗೆ ಆಗಲ್ಲ ರೀ. ಎಡ ಬಲ ಹೇಳಬೇಕಾದ್ದು ನೋಡೋರ ಲೆಕ್ಕದಲ್ಲಲ್ಲ, ದೇಹದ ಲೆಕ್ಕದಲ್ಲಿ. ತಲೆಗೆ ಗೊತ್ತು. ಎದುರಿಗೆ ನಿಂತ ತಕ್ಷಣ ಕೈ ಕೇಳಲ್ಲ." ಅವಳ ದನಿ ಒಡೆಯಿತು. "ಮತ್ತೆ ಆ ಟೆಲಿಫೋನ್ ಹತ್ರ ಹೋಗಿ ಕೂರಬೇಕಾ ನಾನು?"

ಅವಳು ಬೈದರೆ ತಡೆದುಕೊಳ್ಳುವ ಶಕ್ತಿ ಚುಕ್ಕಿರಾಯನಿಗೆ ಧಾರಾಳವಾಗಿತ್ತು. ಅತ್ತರೆ ಮಾತ್ರ ಕರುಳು ಹಿಂಡುತ್ತಿತ್ತು. (ಕರುಳು ಎಂದರೆ ಸಣ್ಣದೋ ದೊಡ್ಡದೋ ಎಂದು ಅವಳು ಆಗ ಕೇಳಲಿಲ್ಲ. ಅಷ್ಟು ದುಃಖ!)

"ನೀನು ಚಿಂತೆ ಬಿಡು. ನಾನೇನಾದ್ರೂ ಮಾಡ್ತೀನಿ."

ಅವಳು ಗಾಬರಿಯಿಂದ ತಲೆ ಎತ್ತಿದಳು. "ದಯವಿಟ್ಟು ಏನೂ ಮಾಡಬೇಡಿ! ಸುಮ್ನೆ ನಿಂತ್ಕೊಳ್ಳಿ. ಅಷ್ಟೇ."

ಸುಮ್ಮನೆ ನಿಲ್ಲುವುದು! ಗಂಡನಾದವನಿಗೆ ಅದಕ್ಕಿಂತ ಘೋರ ಶಿಕ್ಷೆ ಉಂಟೆ? ಊರಿನ ಅಂಗಿಗಳಿಗೆಲ್ಲ ಗುರುತು ಹಾಕುವ ಮಹಾಪುರುಷ ಕಟ್ಟಿಕೊಂಡವಳ ಕಷ್ಟಕ್ಕೆ ನಾಲ್ಕು ಚುಕ್ಕಿ ಇಡಲಾರನೆ? ಯೋಚನೆ ಹೊಳೆದದ್ದೇ ತಡ, ಮರುದಿನ ಸಂಜೆ ಶಾಯಿಯ ಪುಟ್ಟ ಬಾಟಲಿ ಲಾಂಡ್ರಿಯಿಂದ ಅವನ ಜೇಬಿಗೂ, ಜೇಬಿನಿಂದ ಬಚ್ಚಲುಮನೆಗೂ ಪ್ರಯಾಣ ಮಾಡಿತು.

ಹೆಂಡತಿ ತರಗತಿಗೆ ಹೋಗಿದ್ದಳು. ಅವನು ಗೋಡೆಯ ಮೇಲಿದ್ದ ದೇಹದ ಪಟವನ್ನು ಬಿಚ್ಚಿ ತಂದು ಬಚ್ಚಲಿನ ಕನ್ನಡಿಯ ಪಕ್ಕದಲ್ಲೇ ಅಂಟಿಸಿದ. ಅಂಗಿ ಕಳಚಿ ನಿಂತ. ಈಗ ನೋಡಿ ದೃಶ್ಯ: ಪಟದಲ್ಲಿ ಒಬ್ಬ, ಕನ್ನಡಿಯಲ್ಲಿ ಒಬ್ಬ, ಇಬ್ಬರೂ ಅಂಗೈ ಮುಂದೆ ಮಾಡಿ ಅವಳಿಗಳಂತೆ ನಿಂತಿದ್ದಾರೆ. ಪಟದವನ ಹೊಟ್ಟೆ ತೆರೆದಿದೆ, ಕನ್ನಡಿಯವನದು ಮುಂದಕ್ಕೆ ಬಂದಿದೆ. ಅಷ್ಟೇ ವ್ಯತ್ಯಾಸ. ಪಟದವನಿಗೆ ಯಕೃತ್ತು ಯಾವ ಕಡೆಗೋ ಕನ್ನಡಿಯವನಿಗೂ ಅದೇ ಕಡೆಗೆ ಒಂದು ಚುಕ್ಕಿ. ಪಟದವನಿಗೆ ಹೃದಯದ ತುದಿ ಯಾವ ಕಡೆಗೋ ಕನ್ನಡಿಯವನಿಗೂ ಅದೇ ಕಡೆಗೆ ಇನ್ನೊಂದು. ಪಿತ್ತಕೋಶ, ಗುಲ್ಮ, ಅಪೆಂಡಿಕ್ಸ್. ಪಕ್ಕೆಲುಬುಗಳನ್ನು ಎಣಿಸಿ, ಹೊಕ್ಕುಳಿನಿಂದ ಗೇಣು ಹಾಕಿ ಅಳೆದು, ನಾಲಿಗೆ ಕಚ್ಚಿಕೊಂಡು ಇಟ್ಟ. ಎಂಥ ಕೈಚಳಕ! ಯಾರು ನೋಡಿದರೂ ಮಚ್ಚೆ ಎನ್ನಬೇಕು.

ಹೊರಗಿನಿಂದ ಅತ್ತೆ ಬಾಗಿಲು ಬಡಿದರು. "ಅಳಿಯಂದ್ರೇ, ಒಳಗೆ ಬದುಕಿದ್ದೀರಾ?"

"ಹೆಂಡತಿಯ ಭವಿಷ್ಯ ಬರೀತಿದ್ದೀನಿ ಅತ್ತೆ!"

"ಬಚ್ಚಲಲ್ಲಾ? ಬೇಗ ಬರೆದು ಬನ್ನಿ. ನಾನು ಬಕೆಟ್ ಇಡಬೇಕು."

ಪರೀಕ್ಷೆಯ ದಿನ. ಉದ್ದನೆಯ ಓಣಿಯಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ದೇಹಗಳೊಂದಿಗೆ ಸಾಲಾಗಿ ಕೂತಿದ್ದರು. ದೇಹಗಳಲ್ಲಿ ತಮ್ಮಂದಿರಿದ್ದರು, ಭಾವಂದಿರಿದ್ದರು, ಆಕಳಿಸುತ್ತಿದ್ದ ಒಬ್ಬ ಚಿಕ್ಕಪ್ಪನೂ ಇದ್ದ. ಹೆಂಡತಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಕರೆ ಬರುವ ಹೊತ್ತಿಗೆ ಸರಿಯಾಗಿ ಚುಕ್ಕಿರಾಯ ಅವಳ ಕಿವಿಗೆ ಬಾಗಿದ.

"ಹೆದರಬೇಡ. ಮೈಮೇಲೆ ಎಲ್ಲಾ ಚುಕ್ಕಿ ಇಟ್ಕೊಂಡು ಬಂದಿದ್ದೀನಿ. ಮಚ್ಚೆ ಹಾಗೆ ಕಾಣುತ್ತೆ. ಅದರ ಮೇಲೇ ಪೆನ್ಸಿಲ್ ಇಡು, ಮುಗೀತು."

ಅವಳ ಕಣ್ಣು ತಟ್ಟನೆ ತೆರೆಯಿತು. "ಏನು? ಏನು ಮಾಡಿದ್ರಿ? ಅಯ್ಯೋ, ಬೇಡ ಅಂತ ಹೇಳಿರಲಿಲ್ವಾ? ಯಾರಾದ್ರೂ ನೋಡಿದ್ರೆ..."

"ಮುಂದಿನವರು!" ಎಂದು ಒಳಗಿನಿಂದ ಕೂಗು ಬಂತು.

ಪರೀಕ್ಷಕಿ ನೆರೆತ ಕೂದಲಿನ ಹಿರಿಯ ಡಾಕ್ಟರು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಮರದ ಸ್ಕೇಲು. ಚುಕ್ಕಿರಾಯ ಅಂಗಿ ಕಳಚಿ, ಅಂಗೈ ಮುಂದೆ ಮಾಡಿ, ಪುಸ್ತಕದ ಮನುಷ್ಯನೂ ನಾಚುವಂತೆ ನಿಂತ.

"ಹೃದಯದ ತುದಿ" ಎಂದರು ಪರೀಕ್ಷಕಿ.

ಹೆಂಡತಿ ಪೆನ್ಸಿಲ್ ಎತ್ತಿದಳು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಎದುರಿಗೆ ಕಪ್ಪು ಚುಕ್ಕಿ ಕಣ್ಣು ಮಿಟುಕಿಸುತ್ತಿದೆ. ಆದರೆ ಅದು ಯಾವ ಕಡೆ? ಪುಸ್ತಕ ಎಡ ಅನ್ನುತ್ತದೆ. ಇದು ಎಡವೋ ಬಲವೋ? ನನ್ನ ಎಡವೋ ಇವರ ಎಡವೋ? ಚುಕ್ಕಿರಾಯ ಹುಬ್ಬು ಹಾರಿಸಿ, ಗಲ್ಲವನ್ನು ಚುಕ್ಕಿಯತ್ತ ತಿರುಗಿಸಿ, "ಅಲ್ಲೇ, ಅಲ್ಲೇ" ಎಂದು ಮೂಕಾಭಿನಯ ಮಾಡಿದ.

"ದೇಹ ಅಲುಗಾಡಬಾರದು" ಎಂದರು ಪರೀಕ್ಷಕಿ.

ಅವಳು ಒಂದು ಉಸಿರು ಎಳೆದುಕೊಂಡು, ಪೆನ್ಸಿಲ್ ಕೆಳಗಿಳಿಸಿ, ಬರಿಯ ಅಂಗೈಯನ್ನು ಅವನ ಎದೆಗೆ ಒತ್ತಿದಳು. ಮೊದಲು ಚುಕ್ಕಿ ಇದ್ದ ಕಡೆ. ಅಲ್ಲಿ ಏನೂ ಇಲ್ಲ. ಆಮೇಲೆ ಇನ್ನೊಂದು ಕಡೆ. ಅಲ್ಲಿ ಡವಡವ ಡವಡವ, ಸಾಲಗಾರರು ಬಾಗಿಲು ಬಡಿದ ಹಾಗೆ! ಸಿಕ್ಕಿಬಿದ್ದರೆ ಗತಿಯೇನು ಎನ್ನುವ ಭಯಕ್ಕೆ ಚುಕ್ಕಿರಾಯನ ಹೃದಯ ಪಕ್ಕೆಲುಬಿನ ಕಂಬಿ ಹಿಡಿದು ಅಲ್ಲಾಡಿಸುತ್ತಿತ್ತು. ಅವಳ ಮುಖದ ಮೇಲೆ ನಿಧಾನವಾಗಿ ಬೆಳಕು ಹರಿಯಿತು. ಓಹೋ! ಇವರು ಎಲ್ಲವನ್ನೂ ಉಲ್ಟಾ ಇಟ್ಟಿದ್ದಾರೆ! ಸಹಾಯಕ್ಕೆ ಇಟ್ಟಿದ್ದು ಒಂದೂ ಸರಿಯಿಲ್ಲ!

ಕೆಂಪು ಪೆನ್ಸಿಲ್ ಡವಡವದ ಮೇಲೆ ದೃಢವಾಗಿ ಇಳಿಯಿತು.

ಚುಕ್ಕಿರಾಯನ ಎದೆ ಧಸಕ್ಕೆಂದಿತು. ಅಯ್ಯೋ, ಗಾಬರಿಯಲ್ಲಿ ತಪ್ಪು ಜಾಗಕ್ಕೆ ಹಾಕಿಬಿಟ್ಟಳಲ್ಲ!

"ಅಪೆಂಡಿಕ್ಸ್."

ಅವಳು ಚುಕ್ಕಿಯ ಕಡೆ ಕಣ್ಣೂ ಹಾಯಿಸದೆ, ಸೊಂಟದ ಮೂಳೆಯ ಮುಂದಿನ ಉಬ್ಬನ್ನು ಮುಟ್ಟಿ, ಹೊಕ್ಕುಳಿನ ಕಡೆಗೆ ಅಳೆದು, ಆ ಚುಕ್ಕಿಯ ಎದುರು ಪಕ್ಕಕ್ಕೇ ಗುರುತು ಹಾಕಿದಳು. ಚುಕ್ಕಿರಾಯ ಕೆಮ್ಮಿದ. ಗಂಟಲು ಸರಿಮಾಡಿಕೊಂಡ. ಹೊಟ್ಟೆಯ ಒಂದೇ ಪಕ್ಕವನ್ನು ಮುಂದಕ್ಕೆ ಉಬ್ಬಿಸುವ, ಯಾವ ಪೈಲ್ವಾನನೂ ಮಾಡದ ಸಾಹಸ ಮಾಡಿದ.

"ನಿಮ್ಮ ದೇಹಕ್ಕೆ ಹುಷಾರಿಲ್ವಾ?" ಎಂದು ಪರೀಕ್ಷಕಿ ಕೇಳಿದರು.

"ಇದು ಇರೋದೇ ಹೀಗೆ ಮೇಡಂ" ಎಂದಳು ಹೆಂಡತಿ ಹಲ್ಲು ಕಚ್ಚಿ.

"ಸರಿ. ಗುಲ್ಮ."

ಪೆನ್ಸಿಲ್ ಮತ್ತೆ ಗುಲ್ಮದ ಚುಕ್ಕಿಯಿಲ್ಲದ ಪಕ್ಕೆಗೆ ಹೊರಟಿತು. ಇನ್ನು ತಡೆಯಲು ಅವನಿಂದ ಆಗಲಿಲ್ಲ. ಕಣ್ಣೆದುರಿಗೆ ಹೆಂಡತಿಯ ಒಂದು ವರ್ಷ ಮುಳುಗುತ್ತಿದೆ, ತಾನು ಅಂಗೈ ತೋರಿಸಿಕೊಂಡು ಗೊಂಬೆಯ ಹಾಗೆ ನಿಂತಿದ್ದಾನೆ! ಧಿಕ್ಕಾರ!

"ಅಲ್ಲಲ್ಲ ಕಣೇ! ಈ ಕಡೆ!" ಎಂದು ಕಿರುಚಿ, ತನ್ನ ಪಕ್ಕೆಯ ಚುಕ್ಕಿಯನ್ನು ತಾನೇ ತಿವಿದು ತೋರಿಸಿದ. "ಮೇಡಂ, ಅವಳಿಗೆ ಎಲ್ಲಾ ಬರುತ್ತೆ! ಗಾಬರಿಯಾಗಿ ಅಡ್ಡಾದಿಡ್ಡಿ ಹಾಕ್ತಿದ್ದಾಳೆ!"

ಮುಂದಿನ ಸರದಿಗೆ ಬಾಗಿಲಲ್ಲಿ ಕಾದಿದ್ದ ಚಿಕ್ಕಪ್ಪನ ಆಕಳಿಕೆ ಅರ್ಧಕ್ಕೇ ನಿಂತಿತು.

"ದೇಹ ಮಾತಾಡಿತು" ಎಂದರು ಪರೀಕ್ಷಕಿ, ಪ್ರತಿ ಅಕ್ಷರವನ್ನೂ ಬಿಡಿಸಿ. ಕನ್ನಡಕ ಮೇಲೇರಿಸಿ ಹತ್ತಿರ ಬಂದರು. ಚುಕ್ಕಿಯನ್ನು ಬೆರಳಿನಿಂದ ಒರೆಸಿದರು, ಹೋಗಲಿಲ್ಲ. ಹತ್ತಿಗೆ ಸ್ಪಿರಿಟ್ ಅದ್ದಿ ತಿಕ್ಕಿದರು. ಚರ್ಮ ಕೆಂಪಾಯಿತು, ಚುಕ್ಕಿ ಕಪ್ಪಾಗಿಯೇ ಇತ್ತು.

"ಮಚ್ಚೆ ಮೇಡಂ" ಎಂದ ಚುಕ್ಕಿರಾಯ. "ಹುಟ್ಟಿನಿಂದ ಬಂದಿದ್ದು."

ಪರೀಕ್ಷಕಿ ಸ್ಕೇಲನ್ನು ಅವನ ಎದೆಮೂಳೆಯ ಮೇಲೆ ನೆಟ್ಟಗೆ ಇಟ್ಟು, ಎರಡೂ ಪಕ್ಕವನ್ನು ತಾಳೆ ನೋಡಿದರು. "ಒಳ್ಳೇ ಮಚ್ಚೆ. ಒಂದೊಂದೂ ಒಂದೊಂದು ಅಂಗದ ಜಾಗದಲ್ಲಿ, ಆದ್ರೆ ಎಲ್ಲಾ ಆ ಕಡೆಯದು ಈ ಕಡೆ. ಕನ್ನಡಿ ನೋಡ್ಕೊಂಡು ಹುಟ್ಟಿದ್ರಾ?"

"ಪಟ ಪಕ್ಕದಲ್ಲೇ ಇಟ್ಕೊಂಡಿದ್ದೆ ಮೇಡಂ" ಎಂದು ಚುಕ್ಕಿರಾಯ ಬಾಯಿ ಜಾರಿದ.

"ಪಟದಲ್ಲಿರೋನು ನಿಮ್ಮ ಎದುರಿಗೆ ನಿಂತವನು ಮಾರಾಯರೇ. ಅವನ ಬಲ ನಿಮ್ಮ ಎಡಕ್ಕೆ ಬರುತ್ತೆ. ಕನ್ನಡಿಯಲ್ಲಿರೋದು ನೀವೇ. ಅಲ್ಲಿ ನಿಮ್ಮ ಎಡ ನಿಮ್ಮ ಎಡಕ್ಕೇ ಇರುತ್ತೆ. ಇಬ್ಬರನ್ನೂ ಒಂದೇ ಅಂದುಕೊಂಡ್ರಿ. ಅಂತೂ ನಿಮ್ಮ ಯಕೃತ್ತು ವಲಸೆ ಹೋಯಿತು." ಆಮೇಲೆ ಅವರ ದನಿ ಬಿಗಿಯಾಯಿತು. ಹೆಂಡತಿಯತ್ತ ತಿರುಗಿದರು. "ದೇಹ ಸುಳಿವು ಕೊಟ್ರೆ ಪರೀಕ್ಷೆ ರದ್ದು. ನಿಯಮ ಗೊತ್ತಲ್ಲ?"

"ಗೊತ್ತು ಮೇಡಂ." ಅವಳ ಮುಖ ಬಿಳಿಚಿತ್ತು.

"ಈ ಚುಕ್ಕಿ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?"

ಚುಕ್ಕಿರಾಯ 'ಇಲ್ಲ ಅನ್ನು, ಇಲ್ಲ ಅನ್ನು' ಎಂದು ಮನಸ್ಸಿನಲ್ಲೇ ಬೇಡಿಕೊಂಡ.

"ಬಾಗಿಲ ಹತ್ರ ಹೇಳಿದ್ರು ಮೇಡಂ" ಎಂದಳು ಅವಳು. "ಅದರ ಮೇಲೇ ಗುರುತು ಹಾಕು ಅಂದ್ರು."

"ಮತ್ತೆ ಯಾಕೆ ಹಾಕಲಿಲ್ಲ?"

"ಒಂದು ಗಳಿಗೆ ಎಡ ಬಲ ನನಗೂ ಕಲಸಿಹೋಯ್ತು. ಅದಕ್ಕೇ ಕೈಯಿಟ್ಟು ನೋಡಿದೆ. ಹೃದಯ ಈ ಕಡೆ ಬಡೀತಿತ್ತು, ಇವರ ಚುಕ್ಕಿ ಆ ಕಡೆ ಇತ್ತು. ಎರಡರಲ್ಲಿ ಒಂದನ್ನ ನಂಬಬೇಕಿತ್ತು." ಅವಳು ಗಂಡನನ್ನು ಒಮ್ಮೆ ನೋಡಿದಳು. "ಮದುವೆಯಾಗಿ ನಾಲ್ಕು ವರ್ಷ ಆಯ್ತು ಮೇಡಂ. ಯಾವುದನ್ನ ನಂಬಬೇಕು ಅಂತ ಯೋಚನೆ ಮಾಡೋ ಕೆಲಸವೇ ಬರಲಿಲ್ಲ."

ಪರೀಕ್ಷಕಿಯ ತುಟಿ ಅದುರಿತು. ಅವರು ಕನ್ನಡಕ ತೆಗೆದು ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತರು. ಆ ಬೆನ್ನು ಸ್ವಲ್ಪ ಹೊತ್ತು ಕುಲುಕುತ್ತಲೇ ಇತ್ತು.

ತಿರುಗಿದಾಗ ಮುಖ ಮತ್ತೆ ಗಂಭೀರ. "ನಿಯಮದಲ್ಲಿ ಸುಳಿವು ಅಂತಿದೆ. ದಾರಿ ತೋರಿಸಿದ್ರೆ ಅದು ಸುಳಿವು. ಇದು ಹಳ್ಳಕ್ಕೆ ತಳ್ಳೋ ಕೆಲಸ. ತಳ್ಳಿದ್ರೂ ಬೀಳದೆ ನಿಂತಿದ್ದಾಳೆ ಈ ಹುಡುಗಿ. ಚರ್ಮ ಏನು ಹೇಳಿದ್ರೂ ಕೇಳದೆ, ಮುಟ್ಟಿ ನೋಡಿ ಗುರುತು ಹಾಕೋದು, ಇಷ್ಟು ವರ್ಷ ನಾನು ಗಂಟಲು ಹರ್ಕೊಂಡು ಹೇಳ್ತಿರೋದು ಅದನ್ನೇ. ಗುಲ್ಮ, ಪಿತ್ತಕೋಶ, ಯಕೃತ್ತು ಮುಗಿಸಮ್ಮಾ."

ಅವಳು ಮುಗಿಸಿದಳು. ಒಂದೂ ತಪ್ಪಲಿಲ್ಲ. ಪಾಸು!

ಚುಕ್ಕಿರಾಯ ಅಂಗಿಗೆ ಕೈ ಹಾಕಿ, ಗುಂಡಿ ಹಾಕುವುದನ್ನೂ ಕಾಯದೆ ಬಾಗಿಲಿನತ್ತ ಜಾರುತ್ತಿದ್ದಾಗ ಮರದ ಸ್ಕೇಲು ಅಡ್ಡ ಬಂತು.

"ನೀವು ಎಲ್ಲಿಗೆ? ಈ ಶಾಯಿ ಎಷ್ಟು ದಿನ ಇರುತ್ತೆ?"

"ಬಟ್ಟೆ ಮೇಲಾದ್ರೆ ಬಟ್ಟೆ ಇರೋ ತನಕ ಮೇಡಂ" ಎಂದ, ಅಂಥ ಹೊತ್ತಿನಲ್ಲೂ ಕಸುಬಿನ ಹೆಮ್ಮೆ ಬಿಡದೆ. "ಚರ್ಮದ ಮೇಲೆ ನಾನೂ ಇದೇ ಮೊದಲ ಸಲ ನೋಡ್ತಿರೋದು."

"ಒಳ್ಳೇದೇ ಆಯ್ತು. ಮುಂದಿನ ವಾರ ಹೊಸ ಬ್ಯಾಚು ಬರುತ್ತೆ. ಹೊಸಬರು ಮಾಡೋ ಮೊದಲನೇ ತಪ್ಪು ಯಾವುದು ಅಂತ ಬೋರ್ಡಿನ ಮೇಲೆ ಬರೆದು ಬರೆದು ನನಗೂ ಸಾಕಾಗಿದೆ. ನಿಮ್ಮ ಮೈಮೇಲೆ ಚೊಕ್ಕವಾಗಿ ಬರೆದಿದೆ. ಬಂದು ನಿಲ್ಲಿ. ಇಲ್ಲದಿದ್ರೆ ಮಚ್ಚೆ ವಿಷಯ ಮತ್ತೆ ಮಾತಾಡೋಣ."

ಮುಂದಿನ ವಾರ, ಬೆಂಚುಗಳ ತುಂಬ ಹೊಸ ಮುಖಗಳು. ಎದುರಿಗೆ ಚುಕ್ಕಿರಾಯ, ಅಂಗಿಯಿಲ್ಲದೆ, ಅಂಗೈ ಮುಂದೆ ಮಾಡಿಕೊಂಡು. ವಾರ್ಡಿಗೆ ಸೇರಿದ್ದ ಹೆಂಡತಿ ಹೊಸ ಸಮವಸ್ತ್ರದಲ್ಲಿ ಪಕ್ಕಕ್ಕೆ ನಿಂತು, ಕಪ್ಪು ಚುಕ್ಕಿಗಳ ಎದುರು ಮಗ್ಗುಲಲ್ಲಿ ಸರಿಯಾದ ಜಾಗಗಳಿಗೆ ಕೆಂಪು ಗುರುತು ಹಾಕಿಕೊಡುತ್ತಿದ್ದಳು.

"ಇದು ದೇಹ" ಎಂದು ಡಾಕ್ಟರಮ್ಮ ಸ್ಕೇಲಿನಿಂದ ಅವನ ಹೊಟ್ಟೆಗೆ ತಟ್ಟಿದರು. "ಇದರ ಎಡ ಯಾವುದು ಅಂತ ಇದಕ್ಕೇ ಗೊತ್ತಿಲ್ಲ. ನೀವಾದ್ರೂ ತಿಳ್ಕೊಳ್ಳಿ. ಕೆಂಪು ಸರಿ, ಕಪ್ಪು ತಪ್ಪು."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಹಳ ಹೊತ್ತು ಅವನನ್ನು ತಲೆಯಿಂದ ಸೊಂಟದವರೆಗೆ ಪರೀಕ್ಷಿಸಿ ಕೈ ಎತ್ತಿದಳು. "ಮೇಡಂ, ಹೃದಯಕ್ಕೆ ಚುಕ್ಕಿ ಇದೆ, ಯಕೃತ್ತಿಗೆ ಇದೆ, ಗುಲ್ಮಕ್ಕೂ ಇದೆ. ಮಿದುಳಿಗೆ ಮಾತ್ರ ಯಾಕೆ ಇಟ್ಟಿಲ್ಲ?"

ಡಾಕ್ಟರಮ್ಮ ಉತ್ತರಕ್ಕಾಗಿ ಹೆಂಡತಿಯ ಕಡೆ ನೋಡಿದರು. ಅವಳು ಪಿತ್ತಕೋಶದ ಗುರುತನ್ನು ತಿದ್ದುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಇರೋ ಅಂಗಗಳಿಗೆ ಮಾತ್ರ ಇಟ್ಕೊಂಡಿದ್ದಾರೆ."